ಬಯೋಚಾರ್ ಹಾಕಿದರೆ ಯೂರಿಯಾ ಬಿಡಬಹುದಾ?

ರಾಣೆಬೆನ್ನೂರು ಕಡೆ ಎರಡು ಎಕರೆ ಮಸಾರಿ (ಕೆಂಪು ಮಣ್ಣಿನ) ಹೊಲ, ಹತ್ತಿ ಮತ್ತು ಗೋವಿನಜೋಳ ಬೆಳೆಯುತ್ತೇವೆ ಅಂದಿದ್ದೀರಿ. ಬಯೋಚಾರ್ ಹಾಕಿದರೆ ಯೂರಿಯಾ ಪೂರ್ತಿ ಬಿಡಬಹುದಾ, ವಾತಾವರಣಕ್ಕೂ ಒಳ್ಳೆಯದು ಅನ್ನುವುದು ನಿಜವಾ ಅನ್ನೋದು ನಿಮ್ಮ ಪ್ರಶ್ನೆ. ನಾನೂ ಹಾವೇರಿ ಜಿಲ್ಲೆಯವನು, ನನ್ನದೂ ಮಸಾರಿ ನೆಲ. ನಾಲ್ಕು ವರ್ಷದಿಂದ ಮಾಡುತ್ತಿದ್ದೇನೆ.

ಯೂರಿಯಾ ಪೂರ್ತಿ ಬಿಡಲು ಆಗುವುದಿಲ್ಲ. ಕಡಿಮೆ ಮಾಡಬಹುದು. ಬಯೋಚಾರ್ ಗೊಬ್ಬರ ಅಲ್ಲ, ಇದ್ದಿಲು. ಅದರ ತುಂಬಾ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳು ಇರುತ್ತವೆ. ನಮ್ಮ ಮಸಾರಿಯಲ್ಲಿ ಜೋರು ಮಳೆ ಬಂದರೆ ನೀರಿನ ಜೊತೆ ಹಾಕಿದ ಗೊಬ್ಬರವೂ ಕೆಳಗೆ ಇಳಿದು ಹೋಗುತ್ತದೆ, ಅಲ್ವಾ? ಇದ್ದಿಲು ಎರಡನ್ನೂ ಬೇರಿನ ಹತ್ತಿರ ಹಿಡಿದಿಡುತ್ತದೆ. ಆದರೆ ಹಿಡಿದಿಡಲು ಮೊದಲು ಏನಾದರೂ ಇರಬೇಕು.

ಇದು ಗೊತ್ತಿಲ್ಲದೆ ಮೊದಲ ವರ್ಷ ಬರೀ ಇದ್ದಿಲನ್ನೇ ಹೊಲಕ್ಕೆ ಹಾಕಿದೆ. ಗೋವಿನಜೋಳ ಮೊಣಕಾಲೆತ್ತರ ಬರುವಷ್ಟರಲ್ಲಿ ಹಳದಿಯಾಯಿತು. ಮಣ್ಣಿನಲ್ಲಿದ್ದ ಸಾರಜನಕವನ್ನೂ ಇದ್ದಿಲೇ ಹೀರಿಕೊಂಡಿತ್ತು. ಈಗ ಒಂದು ಪಾಲು ಇದ್ದಿಲಿಗೆ ಎರಡು ಪಾಲು ತಿಪ್ಪೆ ಗೊಬ್ಬರ ಬೆರೆಸುತ್ತೇನೆ. ಮೇಲೆ ದನದ ಗಂಜಲ ಸುರಿದು, ಒಂದು ತಿಂಗಳು ನೆರಳಲ್ಲಿ ಬಿಡುತ್ತೇನೆ. ಆಮೇಲೇ ಹೊಲಕ್ಕೆ.

ಮಾಡುವುದಕ್ಕೆ ಡ್ರಮ್, ಮಷೀನು ಏನೂ ಬೇಡ. ನಾಲ್ಕೈದು ಅಡಿ ಅಗಲ, ಎರಡೂವರೆ ಅಡಿ ಆಳದ ಗುಂಡಿ ತೆಗೆಯಿರಿ. ಮೇಲೆ ಅಗಲ, ಕೆಳಗೆ ಕಿರಿದು ಇರಲಿ. ತಳದಲ್ಲಿ ಬೆಂಕಿ ಹಚ್ಚಿ, ಚೆನ್ನಾಗಿ ಒಣಗಿದ ಹತ್ತಿ ಕಟ್ಟಿಗೆಯನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತಾ ಹೋಗಿ. ಮೇಲಿನ ಕಟ್ಟಿಗೆಗೆ ಬೂದಿ ಕಟ್ಟಲು ಶುರುವಾದ ಕೂಡಲೇ ಮುಂದಿನ ಪದರ. ಮೇಲಿನ ಉರಿಯೇ ಗಾಳಿಯನ್ನೆಲ್ಲ ತಿನ್ನುವುದರಿಂದ ಕೆಳಗಿನದು ಬೂದಿಯಾಗದೆ ಇದ್ದಿಲಾಗಿ ಉಳಿಯುತ್ತದೆ. ಗುಂಡಿ ತುಂಬಿದ ಮೇಲೆ ನೀರು ಹಾಕಿ ಪೂರ್ತಿ ಆರಿಸಿ. ನೀರು ಜಾಸ್ತಿಯೇ ಬೇಕು, ಮೊದಲೇ ತುಂಬಿಟ್ಟುಕೊಳ್ಳಿ. ದಟ್ಟ ಹೊಗೆ ಬಂದರೆ ಕಟ್ಟಿಗೆ ಹಸಿ ಇದೆ ಎಂದರ್ಥ. ಹೊಗೆಯಲ್ಲಿ ಮೀಥೇನ್ ಹೋಗುತ್ತದೆ, ಆಗ ವಾತಾವರಣಕ್ಕೆ ಉಪಕಾರಕ್ಕಿಂತ ಅಪಕಾರವೇ ಆದೀತು. ಇನ್ನೊಂದು ಮಾತು. ಹತ್ತಿ ಕಟ್ಟಿಗೆಯನ್ನು ಹೊಲದಲ್ಲೇ ಬಿಟ್ಟರೆ ಗುಲಾಬಿ ಕಾಯಿಕೊರಕ ಹುಳು ಅದರಲ್ಲೇ ಉಳಿದು ಮುಂದಿನ ಬೆಳೆಗೆ ಬರುತ್ತದೆ. ಇದ್ದಿಲು ಮಾಡಿದರೆ ಅದೂ ಹೋಗುತ್ತದೆ. ಗೋವಿನಜೋಳದ ದಂಟನ್ನು ಮಾತ್ರ ಸುಡಬೇಡಿ, ಅದು ದನಗಳ ಮೇವು. ಕಾಳು ಬಿಡಿಸಿದ ಬೆಂಡು ಸಾಕು.

ಎಷ್ಟು ಹಾಕಬೇಕು ಅನ್ನುವುದರಲ್ಲೇ ಹಲವರು ಎಡವುತ್ತಾರೆ. ಪ್ರಯೋಗಗಳಲ್ಲಿ ಹೆಕ್ಟೇರಿಗೆ 10–15 ಟನ್ ಹಾಕಿರುತ್ತಾರೆ. ಅಂದರೆ ಎಕರೆಗೆ 4ರಿಂದ 6 ಟನ್. ಐದು ಕ್ವಿಂಟಲ್ ಒಣ ಕಟ್ಟಿಗೆ ಸುಟ್ಟರೆ ಕೈಗೆ ಬರುವುದು ಸುಮಾರು ಒಂದು ಕ್ವಿಂಟಲ್ ಇದ್ದಿಲು. ಎರಡು ಎಕರೆಗೆ ಆಗುವಷ್ಟು ಕಟ್ಟಿಗೆ ನಿಮ್ಮ ಹೊಲದಲ್ಲಿ ಒಂದೇ ವರ್ಷದಲ್ಲಿ ಸಿಗುವುದಿಲ್ಲ. ದುಡ್ಡು ಕೊಟ್ಟು ಚೀಲಗಟ್ಟಲೆ ಕೊಳ್ಳಲೂ ಹೋಗಬೇಡಿ. ಬಿತ್ತುವ ಸಾಲಿಗೆ ಮಾತ್ರ ಹಾಕಿ, ವರ್ಷಕ್ಕೆ ಅರ್ಧ ಎಕರೆ ಮುಗಿಸಿ. ಇದ್ದಿಲು ಬೇಗ ಕೊಳೆಯುವುದಿಲ್ಲ, ಹಾಕಿದ್ದರಲ್ಲಿ ಹೆಚ್ಚಿನದು ಅಲ್ಲೇ ಇರುತ್ತದೆ. ಅಮೆಜಾನ್ ಕಾಡಿನಲ್ಲಿ ಅಲ್ಲಿನ ಹಳೆಯ ಜನ ಇದ್ದಿಲು, ಮೂಳೆ, ಕಸ ಸೇರಿಸಿ ಮಾಡಿದ ಕಪ್ಪು ಮಣ್ಣು ನೂರಾರು ವರ್ಷದ ಮೇಲೂ ಫಲವತ್ತಾಗಿದೆ.

ವಾತಾವರಣದ ಲೆಕ್ಕವನ್ನು ನಾನೇ ಹಾಕಿ ನೋಡಿದ್ದೇನೆ. ಒಂದು ಕ್ವಿಂಟಲ್ ಇದ್ದಿಲಿನಲ್ಲಿ 70 ಕೆಜಿ ಇಂಗಾಲ ಇದ್ದರೆ, ಅದು ಸುಮಾರು 250 ಕೆಜಿ ಇಂಗಾಲದ ಡೈಆಕ್ಸೈಡ್‌ಗೆ ಸಮ. ಅದರಲ್ಲಿ ಹೆಚ್ಚಿನ ಪಾಲು ತುಂಬಾ ಕಾಲ ಮಣ್ಣಲ್ಲೇ ಉಳಿಯುತ್ತದೆ. ಇನ್ನು ಯೂರಿಯಾ. 45 ಕೆಜಿ ಚೀಲದಲ್ಲಿ ಸುಮಾರು 20 ಕೆಜಿ ಸಾರಜನಕ ಇದೆ. ಅದರಲ್ಲಿ ನೂರಕ್ಕೆ ಒಂದು ಪಾಲು ನೈಟ್ರಸ್ ಆಕ್ಸೈಡ್ ಆಗಿ ಹಾರಿಹೋಗುತ್ತದೆ ಅಂತ ಲೆಕ್ಕ ಹಿಡಿಯುತ್ತಾರೆ. ಆ ಅನಿಲಕ್ಕೆ ಇಂಗಾಲದ ಡೈಆಕ್ಸೈಡ್‌ಗಿಂತ 273 ಪಟ್ಟು ಭೂಮಿ ಬಿಸಿ ಮಾಡುವ ಶಕ್ತಿ. ಆಮ್ಲಜನಕ ಸೇರುವುದರಿಂದ ಅನಿಲದ ತೂಕ ಸಾರಜನಕದ ಒಂದೂವರೆ ಪಟ್ಟಿಗೂ ಸ್ವಲ್ಪ ಜಾಸ್ತಿ. ಹಾಗಾಗಿ ಒಂದೇ ಚೀಲ ನಮ್ಮ ಹೊಲದಿಂದಲೇ ಸುಮಾರು 90 ಕೆಜಿ ಇಂಗಾಲದ ಡೈಆಕ್ಸೈಡ್‌ಗೆ ಸಮನಾದಷ್ಟು ಬಿಡುತ್ತದೆ. ಕಾರ್ಖಾನೆಯಲ್ಲಿ ಆಗುವುದು ಬೇರೆ. ಇದ್ದಿಲು ಹೂತು ಯೂರಿಯಾವನ್ನು ಮೊದಲಿನಷ್ಟೇ ಸುರಿದರೆ ಅರ್ಧ ಕೆಲಸ ಮಾತ್ರ ಆದ ಹಾಗೆ.

ಶುರು ಮಾಡುವ ಮುಂಚೆ ಮಣ್ಣು ಪರೀಕ್ಷೆ ಮಾಡಿಸಿ. ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ ನಿಮಗೆ ಹತ್ತಿರವೇ. ಇದ್ದಿಲಿಗೆ ಸುಣ್ಣದ ಗುಣ ಇದೆ. ಹುಳಿ ಮಣ್ಣಿಗೆ ಅದು ವರ. ಪಿಎಚ್ (ಮಣ್ಣಿನ ಹುಳಿ-ಕ್ಷಾರದ ಅಳತೆ) 8 ದಾಟಿದ ಎರೆ (ಕಪ್ಪು) ನೆಲಕ್ಕೆ ನಾನಂತೂ ಹಾಕುವುದಿಲ್ಲ. ಯೂರಿಯಾವನ್ನು ಸುಮ್ನೆ ಮೇಲೆ ಎರಚಬೇಡಿ, ಎರಡು ಮೂರು ಕಂತಿನಲ್ಲಿ ಕೊಟ್ಟು ಮಣ್ಣು ಮುಚ್ಚಿ. ಮೊದಲ ವರ್ಷ ಕಾಲು ಭಾಗ ಮಾತ್ರ ಕಡಿಮೆ ಮಾಡಿ. ನಾಲ್ಕು ಸಾಲನ್ನು ಇದ್ದಿಲು ಹಾಕದೆ ಹಾಗೇ ಬಿಡಿ. ರಾಶಿ ಮಾಡುವಾಗ ಆ ನಾಲ್ಕು ಸಾಲಿನ ಕಾಳನ್ನು ಬೇರೆಯಾಗಿ ತೂಗಿ. ಮುಂದಿನ ವರ್ಷ ಯೂರಿಯಾ ಇನ್ನೂ ಕಡಿಮೆ ಮಾಡಬೇಕಾ ಬೇಡವಾ ಅನ್ನುವುದು ಆ ತೂಕದಲ್ಲಿ ಗೊತ್ತಾಗುತ್ತದೆ.