ಮೊಟ್ಟೆ ಹಾಕದ ಕೇಕ್ ನಡುವೆ ಕುಸಿಯುವುದು ಯಾಕೆ?

ನಿಮ್ಮ ಪ್ರಶ್ನೆ ಓದಿದ ತಕ್ಷಣ ಉತ್ತರ ಬರೆಯಬೇಕು ಅನ್ನಿಸಿತು. ಅಮ್ಮನ ಹುಟ್ಟುಹಬ್ಬಕ್ಕೆ ಮೊಟ್ಟೆ ಹಾಕದ ಕೇಕ್ ನೀವೇ ಮಾಡಬೇಕು ಅಂತಿದ್ದೀರಿ. ಮನೆಯಲ್ಲಿ ಓವನ್ ಇಲ್ಲ, ಕುಕ್ಕರ್‌ನಲ್ಲಿ ಎರಡು ಸಲ ಮಾಡಿ ನೋಡಿದ್ದೀರಿ. ಮೊದಲ ಸಲ ಚೆನ್ನಾಗಿ ಉಬ್ಬಲಿ ಅಂತ ಸೋಡಾ ಜಾಸ್ತಿ ಹಾಕಿ, ಹದಿನೈದು ನಿಮಿಷಕ್ಕೆ ಮುಚ್ಚಳ ತೆಗೆದು ನೋಡಿದ್ದೀರಿ. ಉಬ್ಬಿದ್ದು ನಡುವೆ ಕುಸಿಯಿತು. ಎರಡನೇ ಸಲ ಹಿಟ್ಟು ಕಲಸಿಟ್ಟು ಆಮೇಲೆ ಕುಕ್ಕರ್ ಕಾಯಿಸಿದ್ದೀರಿ. ಆಗ ಕೇಕ್ ಉಬ್ಬಲೇ ಇಲ್ಲ, ಒಳಗೆ ಅಂಟಂಟಾಗಿತ್ತು. "ಬೇಕಿಂಗ್ ನನಗೆ ಹತ್ತುವ ವಿದ್ಯೆ ಅಲ್ಲ ಅನ್ಸುತ್ತೆ" ಅಂತ ಕೊನೆಗೆ ಬರೆದಿದ್ದೀರಿ.

ಆ ಕೊನೆಯ ಸಾಲನ್ನು ನಾನು ಒಪ್ಪುವುದಿಲ್ಲ. ನಿಮಗೆ ರವೆ ಇಡ್ಲಿ ಮಾಡೋಕೆ ಬರುತ್ತದಾ? ಬರುತ್ತದೆ ಅಂದರೆ ಕೇಕಿನ ಮುಕ್ಕಾಲು ಪಾಲು ಕೆಲಸ ನಿಮಗೆ ಆಗಲೇ ಗೊತ್ತಿದೆ.

ರವೆ ಇಡ್ಲಿಯನ್ನು ನಾವು ಹೇಗೆ ಮಾಡುತ್ತೇವೆ ನೋಡಿ. ರವೆ ಹುರಿದು ಒಗ್ಗರಣೆ ಸೇರಿಸಿ, ಮೊಸರು ಹಾಕಿ ನೆನೆಯಲು ಬಿಡುತ್ತೇವೆ. ಅಷ್ಟರಲ್ಲಿ ಇಡ್ಲಿ ಪಾತ್ರೆಯಲ್ಲಿ ನೀರು ಕುದಿಯಲು ಇಡುತ್ತೇವೆ, ತಟ್ಟೆಗೆ ಎಣ್ಣೆ ಸವರುತ್ತೇವೆ, ಗೋಡಂಬಿ ಇಡುತ್ತೇವೆ. ಎಲ್ಲಾ ಆದ ಮೇಲೆ, ಕಟ್ಟಕಡೆಗೆ, ಸೋಡಾನೋ ಇನೋನೋ ಹಾಕುತ್ತೇವೆ. ಹಾಕಿದ ಮೇಲೆ ಯಾರು ಕರೆದರೂ ಹೋಗುವುದಿಲ್ಲ. ಹಿಟ್ಟು ಬುಸ್ ಅಂತ ಎದ್ದ ತಕ್ಷಣ ತಟ್ಟೆಗೆ, ತಟ್ಟೆಯಿಂದ ಹಬೆಗೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ತತ್ವಾರ ಬಂದಾಗ ರವೆ ಇಡ್ಲಿ ತಮ್ಮಲ್ಲೇ ಹುಟ್ಟಿತು ಅಂತ ಎಂ.ಟಿ.ಆರ್.ನವರು ಹೇಳುತ್ತಾರೆ. ಅಂದಿನಿಂದ ನಮ್ಮ ಅಡುಗೆಮನೆಗಳಲ್ಲಿ ಮೊಸರು, ಸೋಡಾದ ಈ ಜೋಡಿ ಕೆಲಸ ಮಾಡುತ್ತಲೇ ಇದೆ. ಮೊಟ್ಟೆ ಇಲ್ಲದ ಕೇಕ್ ನಿಂತಿರುವುದೂ ಇದೇ ಜೋಡಿಯ ಮೇಲೆ.

ಮೊಸರಿನ ಹುಳಿ ಸೋಡಾಕ್ಕೆ ತಾಗಿದ ಕ್ಷಣದಿಂದ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಆ ಗುಳ್ಳೆಗಳು ಹಿಟ್ಟಿನಲ್ಲಿ ಇರುವಾಗಲೇ ಅದಕ್ಕೆ ಬಿಸಿ ತಾಗಬೇಕು. ಬಿಸಿಗೆ ಗುಳ್ಳೆ ದೊಡ್ಡದಾಗುತ್ತದೆ, ಸುತ್ತಲಿನ ಹಿಟ್ಟು ಬೆಂದು ಗೋಡೆಯ ಹಾಗೆ ಗಟ್ಟಿಯಾಗುತ್ತದೆ. ಗುಳ್ಳೆ ಮೊದಲೇ ಹೊರಟುಹೋದರೆ ಉಬ್ಬಲು ಏನೂ ಉಳಿದಿರುವುದಿಲ್ಲ. ನಿಮ್ಮ ಎರಡನೇ ಕೇಕಿಗೆ ಆಗಿದ್ದು ಇದು.

ನನಗೂ ಆಗಿದ್ದು ಇದೇ. 2020ರ ಲಾಕ್‌ಡೌನ್ ಸಮಯ, ನಾವು ಹಾಸನದಲ್ಲಿದ್ದೆವು. ಮಗಳ ಹುಟ್ಟುಹಬ್ಬಕ್ಕೆ ಕೇಕ್ ಸಿಗುವ ಹಾಗಿರಲಿಲ್ಲ. ನಾನೇ ಮಾಡುತ್ತೇನೆ ಅಂತ ಎಲ್ಲವನ್ನೂ ಒಂದೇ ಸಲ ಕಲಸಿಬಿಟ್ಟೆ. ಆಮೇಲೆ ಟಿನ್‌ಗೆ ಬೆಣ್ಣೆ ಸವರೋಣ ಅಂತ ಹೊರಟರೆ ಬೆಣ್ಣೆ ಫ್ರಿಜ್ಜಿನಲ್ಲಿ ಕಲ್ಲಾಗಿತ್ತು. ಬಟರ್ ಪೇಪರ್ ಕತ್ತರಿಸಲು ಕತ್ತರಿ ಹುಡುಕಿದ್ದು ಬೇರೆ. ಹೀಗೇ ಅರ್ಧ ಗಂಟೆ ಹೋಯಿತು. ತಿರುಗಿ ನೋಡಿದರೆ ಪಾತ್ರೆಯಲ್ಲಿ ಗುಳ್ಳೆಗಳು ಮೇಲೆ ಬಂದು ಒಂದೊಂದಾಗಿ ಒಡೆಯುತ್ತಿದ್ದವು. ಪಾತ್ರೆಯ ಅಂಚಿನಲ್ಲಿ ಹಿಟ್ಟು ಎಲ್ಲಿಯವರೆಗೆ ಏರಿತ್ತೋ ಅಲ್ಲಿಯವರೆಗೆ ಒಂದು ಬಿಳಿ ಗೆರೆ, ಹಿಟ್ಟು ಮಾತ್ರ ಅದಕ್ಕಿಂತ ಒಂದು ಬೆರಳು ಕೆಳಗೆ. ಪಕ್ಕದಲ್ಲಿ ಬೀನ್ಸ್ ಬಿಡಿಸುತ್ತಿದ್ದ ನಮ್ಮತ್ತೆ ಇಣುಕಿ ನೋಡಿ, "ಇನೋ ಹಾಕಿ ಬಿಟ್ಟ ಇಡ್ಲಿ ಹಿಟ್ಟಿನ ಹಾಗೆ ಇಳಿದುಹೋಗಿದೆಯಲ್ಲೇ" ಅಂದರು. ಅವರು ಜೀವನದಲ್ಲಿ ಒಂದೂ ಕೇಕ್ ಮಾಡಿದವರಲ್ಲ. ಆದರೆ ಆ ಬಿಳಿ ಗೆರೆ ಏನು ಹೇಳುತ್ತದೆ ಅಂತ ಅವರಿಗೆ ಗೊತ್ತಿತ್ತು. ಅವತ್ತಿನಿಂದ ನಾನು ಕೇಕನ್ನು ರವೆ ಇಡ್ಲಿಯ ಕ್ರಮದಲ್ಲೇ ಮಾಡುತ್ತಿದ್ದೇನೆ. ಪಾತ್ರೆ ಕಾದಿರಬೇಕು, ಟಿನ್ ಸಿದ್ಧ ಇರಬೇಕು, ಆಮೇಲೆ ಮೊಸರಿಗೂ ಸೋಡಾಕ್ಕೂ ಭೇಟಿ.

ಇನ್ನು ನಿಮ್ಮ ಮೊದಲ ಕೇಕ್. ಅದರ ಕಥೆ ಬೇರೆ. ಸೋಡಾ ಜಾಸ್ತಿಯಾದರೆ ಗುಳ್ಳೆ ಜಾಸ್ತಿ, ಅದು ನಿಜ. ಆದರೆ ಗುಳ್ಳೆಗಳು ಒಂದಕ್ಕೊಂದು ಸೇರಿ ದೊಡ್ಡದಾಗುತ್ತವೆ, ನಡುವಿನ ಗೋಡೆ ತೆಳ್ಳಗಾಗುತ್ತದೆ. ಮೊಟ್ಟೆ ಹಾಕಿದ ಕೇಕಿನಲ್ಲಿ ಮೊಟ್ಟೆ ಬೆಂದು ಆ ಗೋಡೆಗೆ ಬಲ ಕೊಡುತ್ತದೆ. ನಮ್ಮ ಕೇಕಿಗೆ ಆ ಆಸರೆ ಇಲ್ಲ, ಮೈದಾ ಒಂದನ್ನೇ ನಂಬಿಕೊಂಡಿರುತ್ತದೆ. ಟಿನ್ನಿನ ಅಂಚು ಮೊದಲು ಬೇಯುತ್ತದೆ, ನಡುಭಾಗ ಎಲ್ಲಕ್ಕಿಂತ ಕೊನೆಗೆ. ಹದಿನೈದು ನಿಮಿಷಕ್ಕೆ ಮುಚ್ಚಳ ತೆಗೆದಾಗ ನಡುಭಾಗ ಇನ್ನೂ ಹಸಿ ಹಿಟ್ಟೇ. ಒಳಗಿನ ಬಿಸಿ ಒಮ್ಮೆಲೇ ಹೊರಗೆ ಹೋಯಿತು, ಗುಳ್ಳೆ ಕುಗ್ಗಿತು, ತಡೆಯಲು ಬೆಂದ ಗೋಡೆ ಇರಲಿಲ್ಲ. ಇಷ್ಟೇ ಆಗಿದ್ದು. ಮೊದಲ ಮೂವತ್ತು ನಿಮಿಷ ಮುಚ್ಚಳ ಮುಟ್ಟಲೇಬೇಡಿ. ಕಷ್ಟ ಅಂತ ನನಗೆ ಗೊತ್ತು.

ಸೋಡಾದ ಲೆಕ್ಕ ಹೇಳುತ್ತೇನೆ. ಒಂದು ಕಪ್ ಮೈದಾಕ್ಕೆ, ಅಂದರೆ ಸುಮಾರು 120 ಗ್ರಾಂಗೆ, ಕಾಲು ಟೀ ಚಮಚ ಅಡುಗೆ ಸೋಡಾ ಸಾಕು. ಅದಕ್ಕಿಂತ ಜಾಸ್ತಿ ಹಾಕಿ, ಮೊಸರೂ ಹುಳಿ ಇಲ್ಲದಿದ್ದರೆ ಕೆಲಸವಿಲ್ಲದ ಸೋಡಾ ಕೇಕಿನಲ್ಲೇ ಉಳಿಯುತ್ತದೆ. ಬಾಯಲ್ಲಿ ಸೋಪಿನ ಹಾಗೆ ಒಂದು ರುಚಿ ಬರುತ್ತದಲ್ಲ, ಅದು ಇದರದ್ದೇ. ಬೇಕಿಂಗ್ ಪೌಡರ್ ಬೇರೆ ವಸ್ತು, ಎರಡನ್ನೂ ಒಂದೇ ಅಂದುಕೊಳ್ಳಬೇಡಿ. ಅದರಲ್ಲಿ ಸೋಡಾ ಇರುತ್ತದೆ, ಜೊತೆಗೆ ಪುಡಿ ರೂಪದ ಹುಳಿಯೂ ಇರುತ್ತದೆ. ಒದ್ದೆಯಾದಾಗ ಸ್ವಲ್ಪ, ಬಿಸಿ ತಾಗಿದಾಗ ಇನ್ನಷ್ಟು ಗುಳ್ಳೆ ಬಿಡುತ್ತದೆ. ಹಾಗಾಗಿ ಹೊಸಬರು ಸೋಡಾದ ಜೊತೆ ಅದನ್ನೂ ಹಾಕುವುದು ಒಳ್ಳೆಯದು. ಇದನ್ನು 1843ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಔಷಧದ ಅಂಗಡಿ ಇಟ್ಟುಕೊಂಡಿದ್ದ ಆಲ್ಫ್ರೆಡ್ ಬರ್ಡ್ ಅನ್ನುವವರು ಮಾಡಿದರು. ಅವರ ಹೆಂಡತಿಗೆ ಯೀಸ್ಟ್ ಒಗ್ಗುತ್ತಿರಲಿಲ್ಲ, ಅದಕ್ಕೆ. ಮೊಟ್ಟೆಯೂ ಒಗ್ಗುತ್ತಿರಲಿಲ್ಲ ಅಂತ ಮೊಟ್ಟೆ ಇಲ್ಲದ ಕಸ್ಟರ್ಡ್ ಪೌಡರ್ ಮಾಡಿದ್ದೂ ಅವರೇ. ಮನೆಯವರು ತಿನ್ನಲಿ ಅಂತ ಹುಡುಕಿದ ದಾರಿ ಅದು. ನೀವು ಅಮ್ಮನಿಗಾಗಿ ಮಾಡುತ್ತಿರುವುದೂ ಅದೇ ಅಲ್ವಾ?

ನಿಮ್ಮ ಮನೆಯ ಡಬ್ಬಿಯಲ್ಲಿರುವ ಪೌಡರ್ ಹಳೆಯದಾಗಿದೆಯೋ ಏನೋ, ಮೊದಲು ನೋಡಿಬಿಡಿ. ಒಂದು ಚಮಚ ಪೌಡರಿಗೆ ಬಿಸಿನೀರು ಹಾಕಿ, ಜೋರಾಗಿ ನೊರೆ ಬರಬೇಕು. ಸೋಡಾಕ್ಕೆ ನಾಲ್ಕು ಹನಿ ನಿಂಬೆರಸ ಹಿಂಡಿ ನೋಡಿ. ಸುಮ್ನೆ ಕೂತಿದ್ದರೆ ಎಸೆದು ಹೊಸದು ತನ್ನಿ.

ಅಳತೆಯ ಮಾತಿಗೆ ಬರುತ್ತೇನೆ, ಇದರ ಬಗ್ಗೆ ನನಗೆ ಹೇಳುವುದು ಬಹಳ ಇದೆ. ಸಾರಿಗೆ ಉಪ್ಪು ಕಡಿಮೆಯಾದರೆ ಆಮೇಲೆ ಹಾಕಬಹುದು, ಹುಳಿ ಜಾಸ್ತಿಯಾದರೆ ಚೂರು ಬೆಲ್ಲ ಹಾಕಿ ಸರಿ ಮಾಡಬಹುದು. ಕೈ ಅಂದಾಜಿನಲ್ಲಿ ಅಡುಗೆ ಮಾಡುವುದು ನಮಗೆ ಅಭ್ಯಾಸ. ಕೇಕ್ ಒಳಗೆ ಹೋದ ಮೇಲೆ ಏನೂ ಮಾಡಲಿಕ್ಕೆ ಬರುವುದಿಲ್ಲ. ನಮ್ಮ ಬೀದಿಯಲ್ಲಿ ಒಂದು ಅಯ್ಯಂಗಾರ್ ಬೇಕರಿ ಇತ್ತು. ಎರಡು ಮೂರು ಕೇಕ್ ಕೆಡಿಸಿದ ಮೇಲೆ ಅಲ್ಲಿನ ಹಿರಿಯರನ್ನು ಹೋಗಿ ಕೇಳಿದೆ. ಅವರು ಒಳಗೆ ಕರೆದು ತೋರಿಸಿದರು. ನಲವತ್ತು ವರ್ಷ ಅದೇ ಕೆಲಸ ಮಾಡಿದವರು. ಆದರೂ ಮೈದಾ, ಸಕ್ಕರೆ ಇರಲಿ, ನೀರನ್ನೂ ತಕ್ಕಡಿಗೆ ಇಟ್ಟು ತೂಗುತ್ತಿದ್ದರು. "ಕೈ ಅಂದಾಜು ದಿನಾ ಒಂದೇ ಥರ ಇರಲ್ಲಮ್ಮ, ತಕ್ಕಡಿ ಇರುತ್ತೆ" ಅಂದರು. ಮನೆಗೆ ಬಂದು ಒಂದೇ ಕಪ್ಪಿನಲ್ಲಿ ಮೈದಾ ತುಂಬಿ ತೂಗಿ ನೋಡಿದೆ. ಚಮಚದಲ್ಲಿ ಹಗುರವಾಗಿ ಹಾಕಿದಾಗ 120 ಗ್ರಾಂ, ಕಪ್ಪನ್ನೇ ಡಬ್ಬಿಯೊಳಗೆ ಅದ್ದಿ ಒತ್ತಿ ತೆಗೆದಾಗ 150 ಗ್ರಾಂ. ಕೇಕ್ ಗಟ್ಟಿಯಾಗಲು ಆ 30 ಗ್ರಾಂ ಸಾಕು. ಇನ್ನು ಮನೆಯ ಸ್ಟೀಲ್ ಲೋಟವನ್ನು "ಒಂದು ಕಪ್" ಅಂದುಕೊಂಡರೆ ಕೇಳುವುದೇ ಬೇಡ. ಒಂದು ಚಿಕ್ಕ ಡಿಜಿಟಲ್ ತಕ್ಕಡಿ ತೆಗೆದುಕೊಳ್ಳಿ. ಓವನ್‌ಗಿಂತ ಮೊದಲು ಬೇಕಾದದ್ದು ಅದು.

ನಾನು ಮಾಡುವ ಅಳತೆ ಇದು: ಮೈದಾ 180 ಗ್ರಾಂ, ಸಕ್ಕರೆ ಪುಡಿ 150 ಗ್ರಾಂ, ಗಟ್ಟಿ ಮೊಸರು 240 ಗ್ರಾಂ, ವಾಸನೆ ಇಲ್ಲದ ಎಣ್ಣೆ 120 ಮಿ.ಲೀ., ಬೇಕಿಂಗ್ ಪೌಡರ್ ಒಂದೂಕಾಲು ಟೀ ಚಮಚ, ಸೋಡಾ ಅರ್ಧ ಟೀ ಚಮಚಕ್ಕಿಂತ ಒಂದು ಚೂರು ಕಡಿಮೆ, ವೆನಿಲಾ ಎಸೆನ್ಸ್ ಒಂದು ಟೀ ಚಮಚ, ಚಿಟಿಕೆ ಉಪ್ಪು. ಏಳು ಇಂಚಿನ ದುಂಡು ಟಿನ್ನಿಗೆ ಸರಿಹೋಗುತ್ತದೆ. ಚಮಚಗಳೆಲ್ಲ ಮೇಲ್ಭಾಗ ಗೀರಿ ಸಮ ಮಾಡಿದ್ದು, ಗೋಪುರದ ಹಾಗೆ ತುಂಬಿದ್ದಲ್ಲ. ಮೊಸರು ಫ್ರಿಜ್ಜಿನಿಂದ ಒಂದು ಗಂಟೆ ಮೊದಲೇ ಹೊರಗಿರಲಿ. ಸ್ವಲ್ಪ ಹುಳಿ ಬಂದಿರಬೇಕು. ಮೇಲೆ ನೀರು ನಿಂತಿದ್ದರೆ ಬಸಿದು ಆಮೇಲೆ ತೂಗಿ, ಅಂಟಂಟಾಗಲು ಆ ನೀರೂ ಒಂದು ಕಾರಣ.

ಮೈದಾ, ಬೇಕಿಂಗ್ ಪೌಡರ್, ಸೋಡಾ, ಉಪ್ಪು ಸೇರಿಸಿ ಎರಡು ಸಲ ಜರಡಿ ಹಿಡಿಯಿರಿ. ಇನ್ನೊಂದು ಪಾತ್ರೆಯಲ್ಲಿ ಮೊಸರು, ಸಕ್ಕರೆ, ಎಣ್ಣೆ, ಎಸೆನ್ಸ್ ಹಾಕಿ ಚೆನ್ನಾಗಿ ಕಡೆಯಿರಿ. ಇಲ್ಲಿ ಎಷ್ಟು ಕಡೆದರೂ ತೊಂದರೆ ಇಲ್ಲ. ಮೊಸರಿಗೆ ಸೋಡಾ ಹಾಕಿ ಐದು ನಿಮಿಷ ನೊರೆ ಬರಲು ಬಿಡಿ ಅಂತ ಎಷ್ಟೋ ವಿಡಿಯೋಗಳಲ್ಲಿ ತೋರಿಸುತ್ತಾರೆ. ಹಾಗೆ ಮಾಡಿ ಒಳ್ಳೆಯ ಕೇಕ್ ಮಾಡುವವರೂ ಇದ್ದಾರೆ. ಆದರೆ ಕೈ ನಿಧಾನ ಇರುವ ಹೊಸಬರಿಗೆ ಅದು ಬೇಡ ಅನ್ನುತ್ತೇನೆ. ಆ ಗುಳ್ಳೆ ಪಾತ್ರೆಯಲ್ಲೇ ಹೋಗುವುದಕ್ಕಿಂತ ಟಿನ್ನಿನಲ್ಲಿ ಬರಲಿ.

ಈಗ ಎರಡನ್ನೂ ಸೇರಿಸುವ ಹಂತ. ಹೋಳಿಗೆಯ ಕಣಕ ನೆನಪು ಮಾಡಿಕೊಳ್ಳಿ. ನಾದಿದಷ್ಟೂ ಅದು ಎಳೆ ಎಳೆಯಾಗಿ ಎಳೆಯಲು ಬರುತ್ತದೆ, ನಮಗೆ ಅಲ್ಲಿ ಬೇಕಾದದ್ದು ಅದೇ. ಮೈದಾದಲ್ಲಿರುವ ಗ್ಲುಟೆನ್ ಮಾಡುವ ಕೆಲಸ ಅದು. ಕೇಕಿಗೆ ಆ ಜಿಗುಟು ಬೇಡ, ಬಂದರೆ ಕೇಕ್ ರಬ್ಬರಿನ ಹಾಗಾಗುತ್ತದೆ. ಹಾಗಾಗಿ ಮಿಕ್ಸಿ ಬೇಡ, ಬೀಟರ್ ಬೇಡ. ಚಪ್ಪಟೆ ಸೌಟು ಅಥವಾ ಸ್ಪ್ಯಾಚುಲಾದಿಂದ ಅಡಿಯಿಂದ ಮೇಲಕ್ಕೆ ಮಗುಚಿ. ಒಣ ಹಿಟ್ಟು ಕಾಣದಾದ ಕೂಡಲೇ ನಿಲ್ಲಿಸಿ. ಒಂದೆರಡು ಚಿಕ್ಕ ಗಂಟು ಉಳಿದರೂ ಪರವಾಗಿಲ್ಲ. ಹದ ದೋಸೆ ಹಿಟ್ಟಿಗಿಂತ ಗಟ್ಟಿ ಇರಬೇಕು. ಸೌಟು ಎತ್ತಿದರೆ ಅಗಲವಾದ ಪಟ್ಟಿಯ ಹಾಗೆ ನಿಧಾನ ಬೀಳಬೇಕು.

ಕುಕ್ಕರ್ ವಿಷಯದಲ್ಲಿ ಒಂದು ಎಚ್ಚರಿಕೆ. ದಿನಾ ಅನ್ನ, ಬೇಳೆ ಬೇಯಿಸುವ ಕುಕ್ಕರನ್ನು ಕೇಕಿಗೆ ಬಳಸಬೇಡಿ. ಎಷ್ಟೋ ಕುಕ್ಕರ್‌ಗಳ ಸೇಫ್ಟಿ ವಾಲ್ವ್‌ನಲ್ಲಿ ಬೇಗ ಕರಗುವ ಲೋಹ ಇಟ್ಟಿರುತ್ತಾರೆ. ನೀರು ಬತ್ತಿ ಕುಕ್ಕರ್ ವಿಪರೀತ ಕಾದರೆ ಅದು ಕರಗಿ ಹಬೆ ಹೊರಗೆ ಹೋಗಲಿ ಅಂತ. ನಾವು ಕೇಕಿಗೆ ನೀರೇ ಹಾಕುವುದಿಲ್ಲ, ಮುಕ್ಕಾಲು ಗಂಟೆ ಒಣ ಬಿಸಿ. ನನ್ನ ಕುಕ್ಕರಿನ ವಾಲ್ವ್ ಹೀಗೆ ಕರಗಿತ್ತು. ಮರುದಿನ ಬೇಳೆಗೆ ಇಟ್ಟಾಗ ಅಲ್ಲಿಂದ ಹಬೆ ನುಗ್ಗಿದ ಮೇಲೆಯೇ ಗೊತ್ತಾಗಿದ್ದು. ಅದರ ಬದಲು ದಪ್ಪ ತಳದ ಹಳೆಯ ಬಾಣಲೆ ಅಥವಾ ಅಲ್ಯೂಮಿನಿಯಂ ಪಾತ್ರೆ ತೆಗೆದುಕೊಳ್ಳಿ. ಬಿಗಿಯಾಗಿ ಕೂರುವ, ಉಬ್ಬಿದ ಆಕಾರದ ಮುಚ್ಚಳ ಇರಲಿ. ಕುಕ್ಕರೇ ಗತಿ ಅಂದರೆ ಗ್ಯಾಸ್ಕೆಟ್, ವಿಷಲ್ ಎರಡನ್ನೂ ಮರೆಯದೆ ತೆಗೆಯಿರಿ, ಆಮೇಲೆ ವಾಲ್ವ್ ಪರೀಕ್ಷಿಸದೆ ಅಡುಗೆಗೆ ಇಡಬೇಡಿ.

ಪಾತ್ರೆಯ ತಳಕ್ಕೆ ಒಂದೂವರೆ ಕಪ್ ಪುಡಿ ಉಪ್ಪು ಹರಡಿ ಮೇಲೆ ಸ್ಟ್ಯಾಂಡ್ ಇಡಿ. ಉಪ್ಪು ಇದ್ದರೆ ಬಿಸಿ ಒಂದೇ ಕಡೆ ಬೀಳದೆ ಸಮವಾಗಿ ಬರುತ್ತದೆ. ಆ ಉಪ್ಪನ್ನು ಅಡುಗೆಗೆ ಬಳಸದೆ ಡಬ್ಬಿಯಲ್ಲಿಟ್ಟು ಮುಂದಿನ ಕೇಕಿಗೆ ಇಟ್ಟುಕೊಳ್ಳಿ. ಹಿಟ್ಟು ಸೇರಿಸುವ ಮೊದಲೇ ಮಧ್ಯಮ ಉರಿಯಲ್ಲಿ ಹತ್ತು ನಿಮಿಷ ಮುಚ್ಚಿ ಕಾಯಿಸಿ. ಟಿನ್ನಿಗೂ ಪಾತ್ರೆಯ ಗೋಡೆಗೂ ನಡುವೆ ಎರಡು ಬೆರಳಾದರೂ ಜಾಗ ಬೇಕು, ಬಿಸಿ ಗಾಳಿ ಸುತ್ತಬೇಕಲ್ಲ. ಟಿನ್ನಿನಲ್ಲಿ ಹಿಟ್ಟು ಮೂರರಲ್ಲಿ ಎರಡು ಭಾಗ ಮೀರಬಾರದು. ಒಳಗಿಟ್ಟ ಮೇಲೆ ಉರಿ ಸಣ್ಣ ಮಾಡಿ. ನಲವತ್ತರಿಂದ ಐವತ್ತು ನಿಮಿಷ ಹಿಡಿಯುತ್ತದೆ. ಗಡಿಯಾರಕ್ಕಿಂತ ಕೇಕನ್ನೇ ನಂಬಿ. ಅಂಚು ಟಿನ್ ಬಿಟ್ಟು ಒಳಗೆ ಸರಿದಿರಬೇಕು, ಬೆರಳಿನಿಂದ ಮೆಲ್ಲಗೆ ಒತ್ತಿದರೆ ಮತ್ತೆ ಮೇಲೆ ಬರಬೇಕು. ಸರಿಯಾಗಿ ನಡುವೆ ಕಡ್ಡಿ ಚುಚ್ಚಿ. ಒಣ ಪುಡಿ ಅಂಟಿಕೊಂಡು ಬಂದರೆ ಆಯಿತು, ಹಸಿ ಹಿಟ್ಟು ಬಂದರೆ ತಕ್ಷಣ ಮುಚ್ಚಿ ಇನ್ನೂ ಐದು ನಿಮಿಷ.

ಹತ್ತು ನಿಮಿಷ ಟಿನ್ನಿನಲ್ಲೇ ಬಿಟ್ಟು, ಆಮೇಲೆ ಜಾಲರಿಯ ಮೇಲೆ ಮಗುಚಿ. ಪೂರ್ತಿ ಆರುವ ತನಕ ಚಾಕು ಹಾಕಬೇಡಿ. ಬಿಸಿಯಲ್ಲಿ ಕತ್ತರಿಸಿದರೆ ಚೆನ್ನಾಗಿ ಬೆಂದ ಕೇಕ್ ಕೂಡ ಅಂಟಂಟು ಅನ್ನಿಸುತ್ತದೆ. ಎಣ್ಣೆ, ಮೊಸರಿನ ಕೇಕ್ ಮರುದಿನ ಇನ್ನೂ ಮೆತ್ತಗಾಗುತ್ತದೆ, ಹಾಗಾಗಿ ಹುಟ್ಟುಹಬ್ಬದ ಹಿಂದಿನ ದಿನ ಸಂಜೆ ಮಾಡಿ ಗಾಳಿ ಆಡದ ಡಬ್ಬಿಯಲ್ಲಿಡಿ. ಅವತ್ತಿನ ಗಡಿಬಿಡಿಯೂ ಇರುವುದಿಲ್ಲ.

ಅದಕ್ಕೂ ಮೊದಲು ಈ ವಾರವೇ ಒಂದು ಸಲ ಮಾಡಿ ನೋಡಿ. ಕ್ರೀಮು, ಬಣ್ಣ ಏನೂ ಬೇಡ. ಮಾಡಿದ ಮೇಲೆ ಕಡ್ಡಿ ಹೇಗೆ ಬಂತು, ಎಷ್ಟು ನಿಮಿಷ ಹಿಡಿಯಿತು ಅಂತ ಇಲ್ಲೇ ಬರೆಯಿರಿ. ನಿಮ್ಮ ಒಲೆಯ ಉರಿ ನೋಡಿಕೊಂಡು ಸಮಯ ಎಷ್ಟು ಹೆಚ್ಚು ಕಡಿಮೆ ಮಾಡಬೇಕು ಅಂತ ಹೇಳುತ್ತೇನೆ.