ಮೀನಿನ ಪಾಲಿನ ನೀರು: ಯಾವಾಗ, ಎಷ್ಟು ಬೆಚ್ಚಗೆ, ಯಾವ ದಾರಿಯಲ್ಲಿ

ಅಮೆರಿಕದ ಕೊಲರಾಡೊ ನದಿಯ ಮೇಲ್ಕಣಿವೆ ಕುರಿತ ನಮ್ಮ ಲೇಖನ ಓದಿ ನೀವು ಕೇಳಿದ್ದೀರಿ: ‘ವರ್ಷಕ್ಕೆ ಇಂತಿಷ್ಟು ನೀರು ಎಂದು ನದಿಗೆ ಮೀಸಲಿಟ್ಟರೆ ಸಾಲದೇ? ಸಾಲದಿದ್ದರೆ, ರೈತರ ಕಾಲುವೆ ಒಣಗಿಸದೆ ಅಳಿವಿನಂಚಿನ ಮೀನುಗಳನ್ನು ಉಳಿಸುವುದು ಹೇಗೆ?’

ಮಾನ್ಯರೇ,

ಸಾಲದು. ಕೊಲರಾಡೊದ ಉಪನದಿ ಗ್ರೀನ್ ನದಿಯನ್ನೇ ನೋಡಿ. 1960ರ ದಶಕದಲ್ಲಿ ಫ್ಲೇಮಿಂಗ್ ಗಾರ್ಜ್ ಅಣೆಕಟ್ಟು ಬಂದ ಮೇಲೂ ಕೆಳಗೆ ನೀರು ಹರಿಯುತ್ತಲೇ ಇತ್ತು. ಆದರೆ ಜಲಾಶಯದ ಆಳದಿಂದ ಬರುತ್ತಿದ್ದ ಆ ನೀರು ಬೇಸಿಗೆಯಲ್ಲೂ ಕೊರೆಯುವಷ್ಟು ತಣ್ಣಗಿತ್ತು. ಬೆಚ್ಚನೆಯ ನೀರಿನ ಸ್ಥಳೀಯ ಮೀನುಗಳಿಗೆ ಅದು ಆಗಿಬರಲಿಲ್ಲ. 1978ರಲ್ಲಿ ಮೇಲ್ಪದರದ ನೀರನ್ನು ಆರಿಸಿ ಬಿಡುವ ವ್ಯವಸ್ಥೆ ಅಳವಡಿಸಿದ ಮೇಲೆ ತಾಪಮಾನ ಸ್ವಲ್ಪ ಸುಧಾರಿಸಿತು.

ತಾಪಮಾನಕ್ಕಿಂತ ಸೂಕ್ಷ್ಮವಾದದ್ದು ವೇಳೆ. ಹಿಮ ಕರಗಿ ನದಿ ಏರುವಾಗ ರೇಜರ್‌ಬ್ಯಾಕ್ ಸಕರ್ ಮೀನು ದುಂಡುಗಲ್ಲುಗಳ ನಡುವೆ ಮೊಟ್ಟೆಯಿಡುತ್ತದೆ. ಒಡೆದು ಬಂದ ಮರಿ ಸುಮಾರು ಒಂದು ಸೆಂಟಿಮೀಟರ್ ಉದ್ದ. ಸೆಳವಿಗೆ ಎದುರಾಗಿ ಈಜುವ ಶಕ್ತಿ ಅದಕ್ಕಿಲ್ಲ. ಪ್ರವಾಹದ ನೀರು ದಡ ಮೀರಿ ಪಕ್ಕದ ಜೌಗಿಗೆ ನುಗ್ಗಿದರೆ ಅದರ ಜೊತೆ ಮರಿಯೂ ಹೋಗುತ್ತದೆ, ಅಲ್ಲಿನ ಬೆಚ್ಚನೆಯ ನಿಂತ ನೀರಿನಲ್ಲಿ ತಿಂದು ಬೆಳೆಯುತ್ತದೆ. ಹಿಂದೆ ಗ್ರೀನ್‌ಗೆ ಸೇರುವ ಯಾಂಪಾ ನದಿಯ ನೆರೆ ತುತ್ತತುದಿಗೇರುವ ಹೊತ್ತು ನೋಡಿ ಅಣೆಕಟ್ಟೆಯಿಂದ ನೀರು ಬಿಡುತ್ತಿದ್ದರು. ಎಷ್ಟೋ ಸಲ ಆ ಹೊತ್ತಿಗೆ ಮರಿಗಳೇ ಹುಟ್ಟಿರುತ್ತಿರಲಿಲ್ಲ. ಜೌಗು ತುಂಬುತ್ತಿತ್ತು, ಮರಿಗಳು ಆಮೇಲೆ ಬಂದು ನದಿಯಲ್ಲೇ ಕೊಚ್ಚಿಹೋಗುತ್ತಿದ್ದವು. 2012ರಿಂದ ಕ್ರಮ ಬದಲಾಗಿದೆ. ರಾತ್ರಿ ನದಿಯಂಚಿನ ನಿಂತ ನೀರಿನಲ್ಲಿ ದೀಪವಿಟ್ಟ ಬಲೆಪೆಟ್ಟಿಗೆ ಇಳಿಬಿಡುತ್ತಾರೆ, ಅದರಲ್ಲಿ ಮರಿ ಕಂಡ ಮೇಲೆ ಅಣೆಕಟ್ಟೆಗೆ ಸೂಚನೆ ಹೋಗುತ್ತದೆ. ಇಂಥ ಜೌಗುಗಳಲ್ಲೊಂದಾದ ಸ್ಟೂವರ್ಟ್ ಕೆರೆಯ ತೂಬಿನಲ್ಲಿ ಜಾಲರಿಯಿದೆ: ಮರಿ ನುಸುಳುತ್ತದೆ, ಬಲಿತ ಕಾರ್ಪ್ ಮೀನು ಹೊರಗುಳಿಯುತ್ತದೆ. ನಡುಬೇಸಿಗೆಯಲ್ಲಿ ಮಟ್ಟ ಕುಸಿದು ಆಮ್ಲಜನಕ ಕಡಿಮೆಯಾದರೆ ಅಷ್ಟೂ ಶ್ರಮ ವ್ಯರ್ಥ. ಹಾಗಾಗಿ ಮಧ್ಯೆ ಹೊಸ ನೀರು ಕೊಡಬೇಕು.

ಇನ್ನು ಕಾಲುವೆ. ಗ್ರ್ಯಾಂಡ್ ಜಂಕ್ಷನ್ ಊರಿನ ಬಳಿ ಕೊಲರಾಡೊ ನದಿಯ 15 ಮೈಲಿ ಉದ್ದಕ್ಕೆ ಬೇಸಿಗೆಯ ಕೊನೆಗೆ, ಒಣ ವರ್ಷದಲ್ಲೂ 810 ಕ್ಯುಸೆಕ್ ಹರಿಯಬೇಕೆಂಬ ಗುರಿಯಿದೆ. ಕಾಲುವೆಗಳಿಗೆ ನೀರೆಳೆಯುವ ಒಡ್ಡುಗಳಿರುವುದೂ ಅದರ ತುಸು ಮೇಲೆಯೇ. ಹಿಂದೆ ಅಲ್ಲಿನ ಹೈಲೈನ್ ಕಾಲುವೆಯಲ್ಲಿ ಕೊನೆಯ ತೂಬಿಗೂ ಮಟ್ಟ ಸಿಗಲೆಂದು ಬೇಡಿಕೆಯಿಲ್ಲದಾಗಲೂ ತುಂಬ ನೀರು ಹರಿಸಿ, ಉಳಿದದ್ದನ್ನು ಕೋಡಿಗೆ ಬಿಡುತ್ತಿದ್ದರು. ಈಗ ಕಾಲುವೆಗೆ ಅಡ್ಡಲಾಗಿ ಸ್ವಯಂಚಾಲಿತ ಗೇಟುಗಳಿವೆ; ಕಡಿಮೆ ನೀರಿನಲ್ಲೇ ಮಟ್ಟ ಏರುತ್ತದೆ. ರೈತನ ಪಾಲು ಕಡಿಮೆಯಾಗಿಲ್ಲ, ಉಳಿದ ನೀರು ಮೇಲ್ಭಾಗದ ಗ್ರೀನ್ ಮೌಂಟನ್ ಜಲಾಶಯದಲ್ಲೇ ನಿಂತು ಮೀನಿಗಾಗಿ ಕೆಳಗಿಳಿಯುತ್ತದೆ. ಇದರ ಜೊತೆಗೆ 1999ರ ಒಪ್ಪಿಗೆಯಂತೆ ನೀರು ಬಳಕೆದಾರರು ವರ್ಷಕ್ಕೆ 10,825 ಎಕರೆ-ಅಡಿ (ಒಂದು ಎಕರೆಯ ಮೇಲೆ ಒಂದು ಅಡಿ ನಿಲ್ಲುವಷ್ಟು ನೀರು ಒಂದು ಎಕರೆ-ಅಡಿ) ಕೊಡುತ್ತಾರೆ. ಅದು ಅರ್ಧ ಟಿಎಂಸಿಗೂ ಕಡಿಮೆ. ಆದರೆ 60 ದಿನಕ್ಕೆ ಹಂಚಿದರೆ ಸುಮಾರು 90 ಕ್ಯುಸೆಕ್, ಬರದ ಆಗಸ್ಟ್‌ನಲ್ಲಿ ದೊಡ್ಡ ಮೊತ್ತವೇ.

ಮೀನು ದಾಟಿ ಹೋಗಲು ಒಡ್ಡಿನಲ್ಲಿ ಮೀನುದಾರಿ, ಕಾಲುವೆಗೆ ಸೇರದಂತೆ ಅದರ ಬಾಯಿಯಲ್ಲಿ ಜಾಲರಿಯೂ ಬೇಕು. ಕಸ, ಪಾಚಿ ಕಟ್ಟಿದರೆ ಜಾಲರಿ ನೀರನ್ನೇ ತಡೆಯುತ್ತದೆ. ಶುಚಿಗೊಳಿಸುವ ಬ್ರಷ್ಷಿಗೆ ಖರ್ಚು ತೆಗೆದಿರಿಸದ ಯೋಜನೆಯನ್ನು ನಾನು ನಂಬುವುದಿಲ್ಲ.

ಇಷ್ಟಕ್ಕೆಲ್ಲ ರೈತರು ಒಪ್ಪಿದ್ದೇಕೆ? ಮೂರು ರಾಜ್ಯಗಳು ಮತ್ತು ಕೇಂದ್ರ 1988ರಲ್ಲಿ ಮಾಡಿಕೊಂಡ ಒಪ್ಪಂದ ಅದಕ್ಕೆ ಕಾರಣ. ಪ್ರತಿ ಯೋಜನೆಯೂ ಬೇರೆಬೇರೆಯಾಗಿ ಮೀನು ಕಾಯಬೇಕಿಲ್ಲ. ಎಲ್ಲರೂ ಸೇರಿ ನಡೆಸುವ ಮೀನು ಉಳಿಸುವ ಕಾರ್ಯಕ್ರಮ ಮುನ್ನಡೆದರೆ ಎಲ್ಲರಿಗೂ ಕಾನೂನಿನ ರಕ್ಷಣೆ. 100 ಎಕರೆ-ಅಡಿ ಮೀರಿ ಹೊಸದಾಗಿ ನೀರು ತೆಗೆಯುವವರು ಒಂದು ಸಲದ ಶುಲ್ಕ ಕಟ್ಟುತ್ತಾರೆ, ಜಲವಿದ್ಯುತ್ ಆದಾಯದಿಂದಲೂ ಹಣ ಬಂದಿದೆ. ಪ್ರಗತಿ ಸಾಕಷ್ಟಿಲ್ಲವೆಂದು ಮೀನು-ವನ್ಯಜೀವಿ ಇಲಾಖೆ ಹೇಳಿದರೆ ಎಲ್ಲರ ಅನುಮತಿಗೂ ಕುತ್ತು. ಹಾಗಾಗಿ ಮೀನಿನ ಕೆಲಸ ನಿಲ್ಲದಂತೆ ನೋಡಿಕೊಳ್ಳುವುದು ನೀರು ಬಳಸುವವರ ಸ್ವಂತ ಹಿತವೇ ಆಗಿದೆ. ನನ್ನ ದೃಷ್ಟಿಯಲ್ಲಿ ಇಡೀ ಏರ್ಪಾಡಿನ ಜೀವಾಳ ಇದು.

ಆದರೂ ಗೆದ್ದಾಯಿತು ಎನ್ನಲಾಗದು. ಹಂಪ್‌ಬ್ಯಾಕ್ ಚಬ್ ಎಂಬ ಮೀನು 2021ರಲ್ಲಿ ‘ಅಳಿವಿನಂಚಿನ’ ಪಟ್ಟಿಯಿಂದ ‘ಅಪಾಯದಲ್ಲಿರುವ’ ಪಟ್ಟಿಗೆ ಬಂತು, ಬೋನಿಟೇಲ್ ಮೀನು ಇನ್ನೂ ಸಾಕಿ ಬಿಟ್ಟ ಮರಿಗಳ ಮೇಲೆ ನಿಂತಿದೆ. ಹೊರಗಿನಿಂದ ಬಂದ ಸ್ಮಾಲ್‌ಮೌತ್ ಬಾಸ್ ಮೀನು ಸ್ಥಳೀಯ ಮೀನುಗಳ ಮರಿಗಳನ್ನು ನುಂಗುತ್ತದೆ. ನೀರು ಕಡಿಮೆಯಾಗಿ ಬೆಚ್ಚಗಾದ ವರ್ಷಗಳಲ್ಲೇ ಅದರ ಸಂತಾನ ಹೆಚ್ಚು. 2021ರ ಜೂನ್‌ನಲ್ಲಿ ಫ್ಲೇಮಿಂಗ್ ಗಾರ್ಜ್‌ನಿಂದ ಕೆಲವು ದಿನ ಹೆಚ್ಚು ನೀರು ಬಿಟ್ಟು, ಗೂಡು ಕಾಯುವ ಗಂಡು ಬಾಸ್‌ಗಳನ್ನು ಕದಲಿಸಿ ಮೊಟ್ಟೆ-ಮರಿಗಳನ್ನು ಕೊಚ್ಚಿಸುವ ಪ್ರಯೋಗ ನಡೆಯಿತು. ಒಂದು ಸಲ ಹೀಗೆ ಮಾಡಿದರೆ ಸಾಲದು, ಗೂಡು ಕಟ್ಟುವ ಕಾಲ ನೋಡಿ ಮತ್ತೆ ಮತ್ತೆ ಬಿಡಬೇಕು. ಆ ನೀರನ್ನು ಬರದ ವರ್ಷದಲ್ಲೂ ತೆಗೆದಿಡಬೇಕಾಗುತ್ತದೆ.

— ಸಂಪಾದಕ