ಗೊಂಬೆ ಸಿಪಾಯಿಗಳ ಕಾಳಗಕ್ಕೆ ಸುಲಭ ನಿಯಮ

ಪ್ರಶ್ನೆ: ರಜೆಗೆ ಬಂದ ಮೊಮ್ಮಗನಿಗೆ ಒಂದು ಡಬ್ಬಿ ಪ್ಲಾಸ್ಟಿಕ್ ಸಿಪಾಯಿಗಳನ್ನು ಕೊಡಿಸಿದೆ. ಸಾಲಾಗಿ ನಿಲ್ಲಿಸಿ ಬೀಳಿಸುತ್ತಾನೆ, ಹತ್ತು ನಿಮಿಷಕ್ಕೆ ಬೇಜಾರು. ಚದುರಂಗದ ಹಾಗೆ ಇದಕ್ಕೂ ನಿಯಮಗಳಿವೆಯಂತೆ. ನೋಡಿದ ಪುಸ್ತಕಗಳೆಲ್ಲ ದಪ್ಪ ದಪ್ಪ. ಸುಲಭದ್ದು ಇದೆಯೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಇದೆ. ಇಂಗ್ಲೆಂಡಿನ ಕಾದಂಬರಿಕಾರ ಎಚ್.ಜಿ. ವೆಲ್ಸ್ 1913ರಲ್ಲಿ ‘ಲಿಟಲ್ ವಾರ್ಸ್’ ಎಂಬ ಪುಟ್ಟ ಪುಸ್ತಕ ಬರೆದರು. ನನ್ನ ಮಗಳು ಚಿಕ್ಕವಳಿದ್ದಾಗ ನಾವಿಬ್ಬರೂ ಆಡುತ್ತಿದ್ದದ್ದು ಅದನ್ನೇ. ದಾಳವಿಲ್ಲ, ಕೋಷ್ಟಕವಿಲ್ಲ. ನೆಲದ ಮೇಲೆ ಬೋರಲು ಮಲಗಿ ಆಡಬೇಕು.

ಪುಸ್ತಕಗಳನ್ನು ಪೇರಿಸಿ ಗುಡ್ಡ, ಬೆಂಕಿಪೊಟ್ಟಣಗಳಿಂದ ಮನೆ ಮಾಡಿ. ನಡುವೆ ಪರದೆ ಕಟ್ಟಿ ಇಬ್ಬರೂ ಗುಟ್ಟಾಗಿ ದಂಡು ಹೂಡಿ. ನಮ್ಮಲ್ಲಿ ಎರಡು ಕುರ್ಚಿಗೆ ಬಿಗಿದ ಪಂಚೆಯೇ ಪರದೆ. ಪರದೆ ಸರಿದ ಮೇಲೆ ಸರದಿಯಂತೆ ನಡೆ. ಕಾಲಾಳಿಗೆ ಒಂದಡಿ, ಕುದುರೆಗೆ ಎರಡಡಿ. ವೆಲ್ಸ್ ದಾರದಲ್ಲಿ ಅಳೆಯುತ್ತಿದ್ದರು. ನಿಮ್ಮ ಮನೆಗೆ ಎರಡಡಿಯ ಟೈಲ್ಸ್ ಹಾಸಿದ್ದರೆ ದಾರವೂ ಬೇಡ, ಕುದುರೆಗೆ ಒಂದು ಟೈಲ್, ಆಳಿಗೆ ಅರ್ಧ.

ಬಂದೂಕು ಹಿಡಿದ ಸಿಪಾಯಿ ಗುಂಡು ಹಾರಿಸುವಂತಿಲ್ಲ. ಹಾರಿಸುವುದು ಫಿರಂಗಿ ಮಾತ್ರ, ಅದೂ ನಿಜವಾಗಿ! ವೆಲ್ಸ್ ಅವರ ಸ್ಪ್ರಿಂಗಿನ ಆಟಿಕೆ ಫಿರಂಗಿಯಿಂದ ಇಂಚುದ್ದದ ಮರದ ತುಂಡು ಹಾರುತ್ತಿತ್ತು. ಕಣ್ಣಿನ ಭಯಕ್ಕೆ ನಾವು ಅದನ್ನು ಬಿಟ್ಟೆವು. ಫಿರಂಗಿಯ ಪಕ್ಕದಿಂದ ಗೋಲಿಯನ್ನು ನೆಲಕ್ಕೇ ಚಿಮ್ಮುತ್ತಿದ್ದೆವು. ಬಿದ್ದವನು ಸತ್ತ. ಬೀಳುವವನು ಪಕ್ಕದವನನ್ನೂ ಕೆಡವಿದರೆ ಅವನೂ ಸತ್ತ. ತಗುಲಿಯೂ ನಿಂತೇ ಇದ್ದರೆ? ಜಗಳ ಹುಟ್ಟುವುದೇ ಇಲ್ಲಿ. ವೆಲ್ಸ್ ತೀರ್ಪು: ಆ ಗುಂಡು ಮೊದಲೇ ಯಾರನ್ನೂ ಕೊಂದಿರದಿದ್ದರೆ ಇವನೂ ಸತ್ತಂತೆಯೇ. ಗುಡ್ಡದ ಮರೆಯಲ್ಲಿದ್ದವನನ್ನು ಗೋಲಿ ಮುಟ್ಟುವುದಿಲ್ಲ. ಹಾಗಾಗಿ ಮರೆಗೆಂದು ಬೇರೆ ನಿಯಮವೇ ಬೇಕಿಲ್ಲ.

ಆಟದ ಜೀವ ಇರುವುದು ಇನ್ನೊಂದು ನಿಯಮದಲ್ಲಿ. ಫಿರಂಗಿಯ ಆರು ಇಂಚಿನೊಳಗೆ ಅದೇ ಪಕ್ಷದ ನಾಲ್ವರಾದರೂ ಇರಬೇಕು, ಇಲ್ಲದಿದ್ದರೆ ಅದು ಹಾರಿಸಲೂ ಬಾರದು, ಕದಲಲೂ ಬಾರದು. ನಾಲ್ವರಿದ್ದರೂ ಒಂದು ನಡೆಯಲ್ಲಿ ಒಂದೋ ಸರಿಯಬೇಕು, ಇಲ್ಲವೇ ಹೆಚ್ಚೆಂದರೆ ನಾಲ್ಕು ಗುಂಡು ಹಾರಿಸಬೇಕು. ಒಮ್ಮೆ ನನ್ನ ಫಿರಂಗಿಯ ಹತ್ತಿರ ಸರಿಯಾಗಿ ನಾಲ್ವರನ್ನಷ್ಟೇ ಬಿಟ್ಟು ಉಳಿದವರನ್ನು ಮುಂದಕ್ಕೆ ಓಡಿಸಿದೆ. ಮಗಳು ಮುಂದೆ ಬಂದವರ ಕಡೆ ನೋಡಲೇ ಇಲ್ಲ. ಉಸಿರು ಬಿಗಿಹಿಡಿದು ಒಂದು ಗೋಲಿ ಚಿಮ್ಮಿ, ಚಕ್ರದ ಪಕ್ಕ ಮಂಡಿಯೂರಿದ್ದ ಒಬ್ಬನನ್ನು ಕೆಡವಿದಳು. ಅಷ್ಟೇ, ಫಿರಂಗಿ ಮೂಕಾಯಿತು. ಆಗ ಅವಳಿಗೆ ಒಂಬತ್ತು ವರ್ಷ. ಆ ಗೋಲಿ ಉರುಳಿದ ಸದ್ದು ನನಗಿನ್ನೂ ನೆನಪಿದೆ.

ಕೈಕೈ ಮಿಲಾಯಿಸಿದರೆ ಸದ್ಯಕ್ಕೆ ಆಳಿಗೆ ಆಳು ಎಂದು ಇಬ್ಬರನ್ನೂ ತೆಗೆದುಬಿಡಿ. ಸೆರೆ ಹಿಡಿಯುವ ನಿಯಮ ಆಮೇಲೆ ಕಲಿತರಾಯಿತು. ಆದರೆ ನಡೆಗೆ ಗಡಿಯಾರ ಇಡುವುದನ್ನು ಬಿಡಬೇಡಿ: ಮೂವತ್ತು ಆಳಿಗೆ ಒಂದು ನಿಮಿಷ, ಫಿರಂಗಿಗೆ ಇನ್ನೊಂದು.

ಪ್ರಶ್ನೆ: ತಾತನ ಪೆಟ್ಟಿಗೆಯಲ್ಲಿ ಸೀಸದ ಹಳೆಯ ಸಿಪಾಯಿಗಳು ಸಿಕ್ಕಿವೆ. ಐದು ವರ್ಷದ ಮಗಳಿಗೆ ಆಡಲು ಕೊಡಬಹುದೇ?
– ಓದುಗರೊಬ್ಬರು, ಮೈಸೂರು

ಉತ್ತರ: ಬೇಡ. ಸೀಸ ವಿಷ, ಆ ವಯಸ್ಸಿನವರು ಸಿಕ್ಕಿದ್ದನ್ನು ಬಾಯಿಗಿಡುವುದುಂಟು. ಲಂಡನ್ನಿನ ಬ್ರಿಟನ್ಸ್ ಕಂಪನಿ 1893ರಿಂದ ಒಳಗೆ ಟೊಳ್ಳಾದ ಇಂಥ ಸಿಪಾಯಿಗಳನ್ನು ಎರಕ ಹೊಯ್ಯುತ್ತಿತ್ತು. ಪಾದದಡಿ ಹೆಸರಿದೆಯೇ ನೋಡಿ. ಬಣ್ಣ ಕೆರೆಯಬೇಡಿ, ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ, ಗಾಜಿನ ಬೀರುವಿನಲ್ಲಿಡಿ. ಮಗಳಿಗೆ ಪ್ಲಾಸ್ಟಿಕ್ಕಿನವು ಸಾಕು.